ಜ್ವರ ಬಂದಿಲ್ಲ, ಆದರೆ ಸಿ.ಆರ್.ಪಿ. ಇಳಿದಿಲ್ಲ: ಮಗನ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನ್ನ ಮಗನಿಗೆ ಈಗ 12 ವರ್ಷ. ಐದನೆಯ ವಯಸ್ಸಿನಿಂದ ಒಂದೆರಡು ತಿಂಗಳಿಗೊಮ್ಮೆ ಜ್ವರ ಮತ್ತು ತಡೆಯಲಾಗದ ಹೊಟ್ಟೆನೋವು ಬಂದು, ಎರಡು ಮೂರು ದಿನಗಳಲ್ಲಿ ತಾನಾಗಿಯೇ ಹೋಗುತ್ತಿತ್ತು. ಪ್ರತಿ ಸಲವೂ ವೈಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದರು. ಒಮ್ಮೆ ಅಪೆಂಡಿಕ್ಸ್ ಆಪರೇಷನ್ ಕೂಡ ಆಯಿತು. ಎರಡು ವರ್ಷದ ಹಿಂದೆ ಜೀನ್ ಪರೀಕ್ಷೆಯಲ್ಲಿ ಫೆಮಿಲಿಯಲ್ ಮೆಡಿಟರೇನಿಯನ್ ಫೀವರ್, ಅಂದರೆ ಎಫ್.ಎಂ.ಎಫ್. ಎಂದು ತಿಳಿಯಿತು. ವರದಿಯಲ್ಲಿ ಎಂ694ವಿ ಎಂಬ ಬದಲಾವಣೆ ಜೀನಿನ ಎರಡೂ ಪ್ರತಿಗಳಲ್ಲಿ ಇದೆ ಎಂದಿದೆ. ನಮ್ಮದು ಸೋದರಸಂಬಂಧದ ಮದುವೆ. ಕೊಲ್ಚಿಸಿನ್ 0.5 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಎರಡು ಕೊಡುತ್ತಿದ್ದೇವೆ. ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಆಗೀಗ ತಪ್ಪುತ್ತದೆ. ಎಂಟು ತಿಂಗಳಿಂದ ಜ್ವರವೇ ಇಲ್ಲ. ಆದರೆ ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ರಕ್ತಪರೀಕ್ಷೆಯನ್ನು ಮೂರು ಬಾರಿ ಮಾಡಿಸಿದಾಗ 14, 22 ಮತ್ತು 18 ಬಂದಿದೆ, ಹಿಮೋಗ್ಲೋಬಿನ್ 10.2 ಇದೆ, ಮಗ ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದಾನೆ. ಡಾಕ್ಟರು ಮಾತ್ರೆ ಹೆಚ್ಚಿಸೋಣ ಎನ್ನುತ್ತಾರೆ. ಮನೆಯವರು, ಆರೋಗ್ಯವಾಗಿರುವ ಮಗುವಿಗೆ ಏಕೆ ಮಾತ್ರೆ, ನಿಲ್ಲಿಸಿ ಎನ್ನುತ್ತಾರೆ. ಪರಿಚಿತರೊಬ್ಬರು ಇದೇ ಔಷಧಿ ಗೌರಿ ಹೂವಿನ ಗೆಡ್ಡೆಯಲ್ಲಿದೆ, ಅದನ್ನೇ ಕೊಡಬಹುದು ಎಂದರು. ಏಳು ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಗೊಂದಲ ಒಂದೇ. ಜ್ವರವಿಲ್ಲ, ನೋವಿಲ್ಲ, ಮಗ ಶಾಲೆಗೆ ಹೋಗುತ್ತಿದ್ದಾನೆ ಎಂದ ಮೇಲೆ ರಕ್ತದ ವರದಿಯಲ್ಲಿರುವ ಒಂದು ಅಂಕಿಗೆ ಅಷ್ಟು ಬೆಲೆ ಕೊಡಬೇಕೇ ಎಂಬುದು. ಕೊಡಬೇಕು. ಮಾತ್ರೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಜ್ವರ ಮಗುವನ್ನು ಮೂರು ದಿನ ಮಲಗಿಸುತ್ತದೆ. ಎರಡು ಜ್ವರಗಳ ನಡುವೆ ಸದ್ದಿಲ್ಲದೆ ಮುಂದುವರಿಯುವ ಉರಿಯೂತ ವರ್ಷಗಳ ನಂತರ ಮೂತ್ರಪಿಂಡವನ್ನು ಕೆಡಿಸುತ್ತದೆ. ಚಿಕಿತ್ಸೆಯ ಮುಖ್ಯ ಗುರಿ ಎರಡನೆಯದನ್ನು ತಡೆಯುವುದು. ಹಾಗೆಂದು ನಾಳೆಯೇ ಮಾತ್ರೆ ಹೆಚ್ಚಿಸಿ ಎಂದೂ ನಾನು ಹೇಳುವುದಿಲ್ಲ. ಅದಕ್ಕೂ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ.

ಉರಿಯೂತ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ನಮ್ಮ ಬಿಳಿ ರಕ್ತಕಣಗಳಲ್ಲಿ ಪೈರಿನ್ ಎಂಬ ಪ್ರೋಟೀನ್ ಇದೆ. ಕೆಲವು ಬ್ಯಾಕ್ಟೀರಿಯಾಗಳ ವಿಷ ಜೀವಕೋಶದೊಳಗಿನ ಒಂದು ನಿರ್ದಿಷ್ಟ ಕಿಣ್ವವನ್ನು ಕಟ್ಟಿಹಾಕಿದಾಗ ಪೈರಿನ್ ಎಚ್ಚೆತ್ತುಕೊಂಡು, ಇಂಟರ್‌ಲ್ಯೂಕಿನ್-1 ಎಂಬ ರಾಸಾಯನಿಕ ಸಂದೇಶವನ್ನು ಹೊರಬಿಡಿಸುತ್ತದೆ. ಜ್ವರ, ನೋವು, ಊತ ಎಲ್ಲವೂ ಅದರ ಫಲ. ಪೈರಿನ್ ತಯಾರಿಸುವ ಜೀನಿನ ಹೆಸರು ಎಂ.ಇ.ಎಫ್.ವಿ., ಅದು 16ನೆಯ ಕ್ರೋಮೋಸೋಮಿನಲ್ಲಿದೆ. 1997ರಲ್ಲಿ ಎರಡು ಸಂಶೋಧಕರ ತಂಡಗಳು ಪ್ರತ್ಯೇಕವಾಗಿ ಅದನ್ನು ಪತ್ತೆಹಚ್ಚಿದವು. ಈ ಜೀನಿನ ಕೆಲವು ಬದಲಾವಣೆಗಳಿರುವವರಲ್ಲಿ ಪೈರಿನ್ ತೀರಾ ಸಣ್ಣ ಕಾರಣಕ್ಕೂ, ಎಷ್ಟೋ ಸಲ ಕಾರಣವೇ ಕಾಣದೆಯೂ, ಎಚ್ಚರಗೊಳ್ಳುತ್ತದೆ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಜನರಲ್ಲಿ ಈ ಬದಲಾವಣೆಗಳು ಇಷ್ಟೊಂದು ಉಳಿದುಕೊಂಡಿರುವುದಕ್ಕೆ, ಹಿಂದೆ ಪ್ಲೇಗ್ ಬಂದಾಗ ಇವು ರಕ್ಷಣೆ ನೀಡಿರಬಹುದು ಎಂಬ ವಾದವೂ ಇದೆ. 2020ರ ಒಂದು ಅಧ್ಯಯನ ಅದಕ್ಕೆ ಬಲ ಕೊಟ್ಟಿದೆ.

ಆದ್ದರಿಂದ, ‘ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ, ಅದಕ್ಕೇ ಪದೇ ಪದೇ ಜ್ವರ’ ಎಂದು ಯಾರಾದರೂ ಹೇಳಿದ್ದರೆ ಅದನ್ನು ಬಿಟ್ಟುಬಿಡಿ. ಇಲ್ಲಿರುವುದು ನಿರೋಧಕ ವ್ಯವಸ್ಥೆಯ ಹುಟ್ಟಿನಿಂದಲೇ ಬಂದ ಭಾಗದ ಅತಿ ಉತ್ಸಾಹ. ಶಕ್ತಿ ಹೆಚ್ಚಿಸುವ ಪುಡಿ, ಸಿರಪ್ಪುಗಳಿಂದ ಇದಕ್ಕೆ ಪ್ರಯೋಜನವಿಲ್ಲ. ಬದನೆಕಾಯಿ, ಒಣಮೀನು ನಂಜು ಎಂದು ನಿಲ್ಲಿಸಿರುವ ಮನೆಗಳನ್ನೂ ನೋಡಿದ್ದೇನೆ. ಬೆಳೆಯಬೇಕಾದ ಮಗುವಿನ ತಟ್ಟೆಯಿಂದ ಆಹಾರ ಕಡಿಮೆಯಾಗುವುದನ್ನು ಬಿಟ್ಟರೆ ಅದರಿಂದ ಬೇರೇನೂ ಆಗುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇಂಟರ್‌ಲ್ಯೂಕಿನ್ ಪ್ರವಾಹದಂತೆ ನುಗ್ಗಿದಾಗ ಜ್ವರ ಕಾಣುತ್ತದೆ. ಸ್ವಲ್ಪ ಸ್ವಲ್ಪವೇ ಜಿನುಗುತ್ತಿದ್ದರೆ ಮೈ ಬಿಸಿಯಾಗದಿರಬಹುದು, ಆದರೆ ಯಕೃತ್ತಿಗೆ ಆ ಸಂದೇಶ ತಲುಪುತ್ತಲೇ ಇರುತ್ತದೆ. ಅದಕ್ಕೆ ಉತ್ತರವಾಗಿ ಯಕೃತ್ತು ಎರಡು ಮುಖ್ಯ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ: ಒಂದು ನಿಮಗೆ ಪರಿಚಿತವಾದ ಸಿ.ಆರ್.ಪಿ., ಇನ್ನೊಂದು ಸೀರಮ್ ಅಮೈಲಾಯ್ಡ್-ಎ, ಅಂದರೆ ಎಸ್.ಎ.ಎ. ಸಿ.ಆರ್.ಪಿ.ಯಿಂದ ಅಂಗಾಂಗಗಳಿಗೆ ನೇರ ಹಾನಿಯಿಲ್ಲ. ಅದು ನಮಗೆ ಸಿಗುವ ಸೂಚನೆ ಮಾತ್ರ. ಹಾನಿ ಮಾಡುವುದು ಎಸ್.ಎ.ಎ. ವರ್ಷಗಟ್ಟಲೆ ಅದರ ಪ್ರಮಾಣ ಹೆಚ್ಚಿದ್ದರೆ, ಅದರ ತುಣುಕುಗಳು ಕರಗದ ಎಳೆಗಳಾಗಿ ಮಡಚಿಕೊಂಡು ಅಂಗಾಂಗಗಳಲ್ಲಿ, ಎಲ್ಲಕ್ಕಿಂತ ಮೊದಲು ಮೂತ್ರಪಿಂಡದ ಸೋಸುಗಳಲ್ಲಿ, ಶೇಖರವಾಗುತ್ತವೆ. ಇದನ್ನೇ ಎ.ಎ. ಅಮೈಲಾಯ್ಡೋಸಿಸ್ ಎನ್ನುತ್ತೇವೆ. ಮೊದಲು ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ನಂತರ ಕಾಲು ಮತ್ತು ಮುಖ ಊದಿಕೊಳ್ಳುತ್ತವೆ, ಕೊನೆಗೆ ಡಯಾಲಿಸಿಸ್ ಬೇಕಾಗುತ್ತದೆ. ಕೊಲ್ಚಿಸಿನ್ ಬಳಕೆಗೆ ಬರುವ ಮೊದಲು ಎಫ್.ಎಂ.ಎಫ್. ಇರುವವರ ಜೀವ ತೆಗೆಯುತ್ತಿದ್ದದ್ದು ಮುಖ್ಯವಾಗಿ ಇದೇ. ಜೀವನದಲ್ಲಿ ಒಮ್ಮೆಯೂ ಇಂಥ ಜ್ವರ ಬಾರದೆ, ನೇರವಾಗಿ ಮೂತ್ರಪಿಂಡದ ತೊಂದರೆಯಿಂದಲೇ ಕಾಯಿಲೆ ಗೊತ್ತಾದವರೂ ಇದ್ದಾರೆ. ಜ್ವರದ ಲೆಕ್ಕವನ್ನಷ್ಟೇ ನಂಬಬಾರದು ಎನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಅಂಕಿಗಳ ಬೆಂಬಲವೂ ಇದೆ. ಇಸ್ರೇಲಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಲ್ಲಿ ಮೂತ್ರ ಸರಿಯಾಗಿದ್ದ 960 ಜನರ ಪೈಕಿ ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡವರಲ್ಲಿ 4 ಜನರಿಗೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿತು. ಸರಿಯಾಗಿ ತೆಗೆದುಕೊಳ್ಳಲಿಲ್ಲ ಎಂದು ತಾವೇ ಒಪ್ಪಿಕೊಂಡ 54 ಜನರಲ್ಲಿ ಆ ಸಂಖ್ಯೆ 16. ಮುಂದೆ 2007ರಲ್ಲಿ ಬ್ರಿಟನ್ನಿನಿಂದ ಬಂದ, ಅಮೈಲಾಯ್ಡೋಸಿಸ್ ಆಗಲೇ ಬಂದಿದ್ದ 374 ಜನರ ಅಧ್ಯಯನ ಇನ್ನೊಂದು ಮಾತನ್ನು ಖಚಿತಪಡಿಸಿತು: ಎಸ್.ಎ.ಎ. ಲೀಟರಿಗೆ 10 ಮಿ.ಗ್ರಾಂ.ಗಿಂತ ಕೆಳಗೆ ಉಳಿದವರಲ್ಲಿ ಅನೇಕರ ಅಂಗಾಂಗಗಳಿಂದ ಆ ಶೇಖರ ಕರಗತೊಡಗಿತು, ಅವರು ಹೆಚ್ಚು ಕಾಲ ಬದುಕಿದರು. ಉರಿಯೂತವನ್ನು ತಗ್ಗಿಸಿದರೆ ಫಲವಿದೆ, ತಡವಾಗಿ ತಗ್ಗಿಸಿದರೂ ಫಲವಿದೆ. ನಿಮ್ಮ ಮಗನ ಎರಡೂ ಪ್ರತಿಗಳಲ್ಲಿರುವ ಎಂ694ವಿ, ಈ ಅಪಾಯ ಅತಿ ಹೆಚ್ಚಿರುವ ಬದಲಾವಣೆ. ಹೆದರಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ವೈದ್ಯರು 14 ಮತ್ತು 18ರಂಥ ಅಂಕಿಗಳನ್ನೂ ನಿರ್ಲಕ್ಷಿಸದಿರುವುದು ಏಕೆ ಸರಿ ಎಂಬುದು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಆದರೆ ಆ ಅಂಕಿ ಏನನ್ನು ಹೇಳುತ್ತಿದೆ ಎಂಬುದನ್ನು ಎಚ್ಚರದಿಂದ ಓದಬೇಕು. ಮೊದಲನೆಯದಾಗಿ ಅಳತೆಯ ಮಾನ. ಹೆಚ್ಚಿನ ಲ್ಯಾಬುಗಳು ಸಿ.ಆರ್.ಪಿ.ಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತವೆ, ಕೆಲವು ಡೆಸಿಲೀಟರಿಗೆ ಕೊಡುತ್ತವೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸವಿದೆ. ಒಂದು ಲ್ಯಾಬಿನ 1.8 ಎಂಬುದು ಇನ್ನೊಂದರ 18ಕ್ಕೆ ಸಮ ಎಂಬುದು ಗೊತ್ತಿಲ್ಲದೆ, ಮಗು ಗುಣವಾಯಿತೆಂದು ಸಂತೋಷಪಟ್ಟ ಪೋಷಕರನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ಎರಡನೆಯದಾಗಿ ಸಮಯ. ಜ್ವರ, ನೆಗಡಿ, ಭೇದಿ, ಲಸಿಕೆ ಇವುಗಳ ಬೆನ್ನಿಗೇ ರಕ್ತ ಕೊಟ್ಟರೆ ಅಂಕಿ ಏರಿರುವುದು ಸಹಜ. ಎಲ್ಲವೂ ಮುಗಿದು ಕನಿಷ್ಠ ಎರಡು ವಾರ ಕಳೆದಿರಬೇಕು. ಹಾಗೆ ಶಾಂತವಾಗಿದ್ದ ದಿನಗಳಲ್ಲಿ, ಕೆಲವು ವಾರಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಏರಿರುವುದು ಕಂಡರೆ ಮಾತ್ರ ಅದನ್ನು ಗುಪ್ತ ಉರಿಯೂತ ಎಂದು ಪರಿಗಣಿಸುತ್ತೇವೆ. ಉರಿಯೂತದ ಇನ್ನೊಂದು ರಕ್ತಪರೀಕ್ಷೆಯಾದ ಇ.ಎಸ್.ಆರ್. ಒಂದನ್ನೇ ನೋಡಿ ನಿರ್ಧರಿಸಬಾರದು, ಏಕೆಂದರೆ ರಕ್ತಹೀನತೆಯಿದ್ದರೂ ಅದು ಏರುತ್ತದೆ. ಎಸ್.ಎ.ಎ. ಪರೀಕ್ಷೆ ಇನ್ನೂ ಸೂಕ್ಷ್ಮವಾದದ್ದು, ಆದರೆ ಎಲ್ಲ ಊರುಗಳಲ್ಲಿ ಸಿಗದು. ಸಿಕ್ಕರೆ ಒಮ್ಮೆ ಮಾಡಿಸಿ, ಸಿಗದಿದ್ದರೆ ಸಿ.ಆರ್.ಪಿ.ಯಿಂದಲೇ ಕೆಲಸ ಸಾಗಿಸಬಹುದು. ಸಂಧಿವಾತದ ಎ.ಎನ್.ಎ. ಪರೀಕ್ಷೆ ‘ನೆಗೆಟಿವ್’ ಬಂದಿದೆ ಎಂದು ಸಮಾಧಾನ ಪಡಬೇಡಿ. ಈ ಬಗೆಯ ಕಾಯಿಲೆಗಳಲ್ಲಿ ಅದು ನೆಗೆಟಿವ್ ಇರುವುದೇ ಸಾಮಾನ್ಯ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವಂಥದ್ದು. ಎಫ್.ಎಂ.ಎಫ್. ಇರುವ ಮಗುವಿಗೆ ಬೇರೆ ಕಾಯಿಲೆ ಬರಬಾರದೆಂದೇನೂ ಇಲ್ಲ. ಹುಳುಕು ಹಲ್ಲು, ಮೂತ್ರನಾಳದ ಸೋಂಕು, ಕರುಳಿನ ಉರಿಯೂತ, ಸೊಂಟದ ಕೀಲಿನ ಉರಿಯೂತ, ನಮ್ಮ ದೇಶದಲ್ಲಿ ತಪ್ಪದೆ ನೆನೆಯಬೇಕಾದ ಕ್ಷಯ, ಇವೆಲ್ಲವೂ ಸಿ.ಆರ್.ಪಿ.ಯನ್ನು ಇದೇ ಮಟ್ಟದಲ್ಲಿ ಹಿಡಿದಿಡಬಲ್ಲವು. ಮಾತ್ರೆ ಹೆಚ್ಚಿಸುವ ಮೊದಲು ಮಗುವನ್ನು ಅಂಗಿ ಬಿಚ್ಚಿಸಿ ಮಲಗಿಸಿ ತಲೆಯಿಂದ ಕಾಲಿನವರೆಗೆ ಪರೀಕ್ಷಿಸುವುದು, ಬಾಯಿ ತೆರೆಸಿ ಹಲ್ಲು ನೋಡುವುದು, ಯಾವ ಲ್ಯಾಬ್ ಪರೀಕ್ಷೆಗಿಂತಲೂ ಕಡಿಮೆ ಮುಖ್ಯವಲ್ಲ.

ರಕ್ತದ ಅಂಕಿಯ ಹೊರಗೂ ಗುಪ್ತ ಉರಿಯೂತ ತನ್ನ ಗುರುತು ಬಿಡುತ್ತದೆ. ನಿಮ್ಮ ಪತ್ರದಲ್ಲೇ ಎರಡು ಗುರುತುಗಳಿವೆ. ಹಿಮೋಗ್ಲೋಬಿನ್ 10.2 ಎಂದಿರಿ. ಉರಿಯೂತವಿರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅದು ಕರುಳಿನಿಂದ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ, ದೇಹದಲ್ಲಿ ಈಗಾಗಲೇ ಇರುವ ಕಬ್ಬಿಣವನ್ನೂ ಹೊರಬಿಡದೆ ಇಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರದಿದ್ದರೆ ಇದನ್ನು ಅನುಮಾನಿಸಬೇಕು. ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಸಿ.ಆರ್.ಪಿ.ಯೊಂದಿಗೇ ಓದಬೇಕು, ಏಕೆಂದರೆ ಉರಿಯೂತ ಫೆರಿಟಿನ್ ಅನ್ನು ಏರಿಸಿ, ನಿಜವಾದ ಕಬ್ಬಿಣದ ಕೊರತೆಯನ್ನು ಮುಚ್ಚಿಡಬಲ್ಲದು. ಇನ್ನೊಂದು ಗುರುತು ಎತ್ತರ. ತಂದೆತಾಯಿಯ ಎತ್ತರವನ್ನು ಲೆಕ್ಕಕ್ಕೆ ಹಿಡಿದು ಮಗನ ಬೆಳವಣಿಗೆಯ ನಕ್ಷೆ ಬರೆಯಿಸಿ; ಕುಳ್ಳಗಿರುವುದಕ್ಕಿಂತಲೂ, ಹಿಂದೆ ಇದ್ದ ರೇಖೆಯಿಂದ ಕೆಳಕ್ಕೆ ಜಾರಿದ್ದಾನೆಯೇ ಎಂಬುದು ಮುಖ್ಯ. ಸದಾ ಸುಸ್ತು, ಆಟವಾಡಿದ ಸಂಜೆ ಕಾಲುನೋವು, ಗುಲ್ಮದ ಹಿಗ್ಗುವಿಕೆ, ತಡವಾಗುವ ಪ್ರಾಯ, ಇವೂ ಇದೇ ಗುಂಪಿಗೆ ಸೇರುತ್ತವೆ.

ಮೂತ್ರ ಪರೀಕ್ಷೆಯ ಬಗ್ಗೆ ನೀವು ಏನನ್ನೂ ಬರೆದಿಲ್ಲ, ನನಗೆ ಹೆಚ್ಚು ಕಳವಳ ತಂದದ್ದು ಅದೇ. ಆರು ತಿಂಗಳಿಗೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತವನ್ನು ನೋಡಿಸಬೇಕು, 0.2ಕ್ಕಿಂತ ಹೆಚ್ಚಿದ್ದರೆ ಮತ್ತೆ ಪರೀಕ್ಷಿಸಬೇಕು. ಬೆಳಿಗ್ಗೆ ಎದ್ದ ತಕ್ಷಣದ ಮೊದಲ ಮೂತ್ರವನ್ನೇ ಕೊಡಿ. ಈ ವಯಸ್ಸಿನ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ದಿನವಿಡೀ ಓಡಾಡಿದಾಗ ಸ್ವಲ್ಪ ಪ್ರೋಟೀನ್ ಸೋರಿ, ಮಲಗಿದಾಗ ನಿಲ್ಲುತ್ತದೆ. ಮಧ್ಯಾಹ್ನದ ಮೂತ್ರ ಕೊಟ್ಟರೆ ಸುಮ್ಮನೆ ಗಾಬರಿಯಾಗುತ್ತದೆ. ಬೆಳಗಿನ ಮೂತ್ರದಲ್ಲೂ ಪ್ರೋಟೀನ್ ಮತ್ತೆ ಮತ್ತೆ ಕಂಡರೆ ಮೂತ್ರಪಿಂಡ ತಜ್ಞರ ಬಳಿ ಹೋಗಬೇಕು, ಬಯಾಪ್ಸಿಯೂ ಬೇಕಾಗಬಹುದು.

ಈಗ ದಾರಿಗಳು. ನಾನು ಮೊದಲು ಕೇಳುವುದು ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ ಎಂದು. ಆಗೀಗ ತಪ್ಪುತ್ತದೆ ಎಂದು ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ. ಕೊಲ್ಚಿಸಿನ್ ಪ್ರತಿದಿನ ಬಿದ್ದರೆ ಮಾತ್ರ ಕೆಲಸ ಮಾಡುವ ಔಷಧಿ. ಎರಡು ಮಾತ್ರೆಗಳನ್ನು ರಾತ್ರಿ ಒಟ್ಟಿಗೆ ಕೊಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಹೊಟ್ಟೆ ಸಹಿಸಿಕೊಂಡರೆ ದಿನಕ್ಕೊಮ್ಮೆ ಕೊಡುವುದರಿಂದ ತೊಂದರೆಯಿಲ್ಲ, ಮರೆಯುವುದೂ ಕಡಿಮೆ. ಅಜ್ಜಿಯ ಮನೆಯಲ್ಲಿ ಒಂದು ಡಬ್ಬಿ ಇಟ್ಟು, ಅಜ್ಜಿಗೇ ಆ ಹೊಣೆ ವಹಿಸಿ ನೋಡಿ. ಅದಕ್ಕಿಂತ ಕಟ್ಟುನಿಟ್ಟಿನ ಮೇಲ್ವಿಚಾರಣೆ ನಮ್ಮ ಆಸ್ಪತ್ರೆಗಳಲ್ಲಿಯೂ ಸಿಗುವುದಿಲ್ಲ. ಆದರೆ ಡಬ್ಬಿ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇರಲಿ. ಹೀಗೆ ಎರಡು ಮೂರು ತಿಂಗಳು ಒಂದು ದಿನವೂ ತಪ್ಪದೆ ಕೊಟ್ಟು ಮತ್ತೆ ಸಿ.ಆರ್.ಪಿ. ಮಾಡಿಸಿದರೆ, ಎಷ್ಟೋ ಮಕ್ಕಳಲ್ಲಿ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಆಗಲೂ ಇಳಿಯದಿದ್ದರೆ ನಿಮ್ಮ ವೈದ್ಯರು ಹೇಳಿದಂತೆ ಪ್ರಮಾಣ ಹೆಚ್ಚಿಸುವುದೇ ಮುಂದಿನ ಹೆಜ್ಜೆ. ಯುರೋಪಿನ ತಜ್ಞರ ಒಕ್ಕೂಟ 2016ರಲ್ಲಿ ಕೊಟ್ಟ ಸಲಹೆಗಳ ಪ್ರಕಾರ ಜ್ವರ ಬಾರದಿದ್ದರೂ ಗುಪ್ತ ಉರಿಯೂತ ಉಳಿದಿದ್ದರೆ ಪ್ರಮಾಣ ಏರಿಸಬೇಕು. ಹತ್ತು ವರ್ಷ ದಾಟಿದ ಮಕ್ಕಳಿಗೆ ಆರಂಭದ ಪ್ರಮಾಣವೇ ದಿನಕ್ಕೆ 1ರಿಂದ 1.5 ಮಿ.ಗ್ರಾಂ., ಮಕ್ಕಳಲ್ಲಿ ಗರಿಷ್ಠ 2 ಮಿ.ಗ್ರಾಂ. ಮಗ ಈಗ 1 ಮಿ.ಗ್ರಾಂ.ನಲ್ಲಿರುವುದರಿಂದ ಏರಿಸಲು ಅವಕಾಶವಿದೆ; ಒಮ್ಮೆಗೆ ಅರ್ಧ ಮಾತ್ರೆ ಅಥವಾ ಒಂದು ಮಾತ್ರೆಯಂತೆ ಏರಿಸುತ್ತಾ ಹೋಗುತ್ತಾರೆ. ಸಾಮಾನ್ಯ ತೊಂದರೆ ಭೇದಿ ಮತ್ತು ಹೊಟ್ಟೆ ತೊಳಸುವಿಕೆ. ಕೆಲವು ದಿನ ಹಾಲು ಕಡಿಮೆ ಮಾಡಿದರೆ ಹಲವರಿಗೆ ಅದೂ ತಗ್ಗುತ್ತದೆ. ರಕ್ತಕಣ, ಯಕೃತ್ತು, ಮೂತ್ರಪಿಂಡ ಮತ್ತು ಸ್ನಾಯುಗಳ ಸಿ.ಪಿ.ಕೆ. ಪರೀಕ್ಷೆಗಳನ್ನು ಆರು ತಿಂಗಳಿಗೊಮ್ಮೆ ಮಾಡಿಸುತ್ತಿರಬೇಕು. ದಶಕಗಳ ಕಾಲ ನುಂಗಿದರೆ ಬೆಳವಣಿಗೆ ಕುಂಠಿತವಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯ ಬಹಳ ಮನೆಗಳಲ್ಲಿದೆ. 1972ರಿಂದ ಈ ಕಾಯಿಲೆಗೆ ಬಳಕೆಯಲ್ಲಿರುವ ಔಷಧಿ ಇದು. ಸರಿಯಾಗಿ ತೆಗೆದುಕೊಂಡ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ, ಗರ್ಭಿಣಿಯರಿಗೂ ಇದನ್ನು ನಿಲ್ಲಿಸದೆ ಮುಂದುವರಿಸುತ್ತೇವೆ. ಬೆಳವಣಿಗೆಯನ್ನೂ ಸಂತಾನಶಕ್ತಿಯನ್ನೂ ಕುಂದಿಸುವುದು ಹತೋಟಿಯಿಲ್ಲದ ಉರಿಯೂತ.

ಆದರೆ ಇದು ನಿರಪಾಯದ ಔಷಧಿಯಲ್ಲ. ಉಪಕಾರದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವಿನ ಅಂತರ ಚಿಕ್ಕದು. ಕೆಮ್ಮಿಗೆಂದು ಕೊಡುವ ಕ್ಲಾರಿಥ್ರೊಮೈಸಿನ್, ಫಂಗಸ್ಸಿಗೆ ಕೊಡುವ ಕೀಟೊಕೊನಜೋಲ್ ಮತ್ತು ಇಟ್ರಾಕೊನಜೋಲ್‌ನಂಥ ಔಷಧಿಗಳು ಕೊಲ್ಚಿಸಿನ್ ದೇಹದಿಂದ ಹೊರಹೋಗುವುದನ್ನು ತಡೆದು, ಮಾಮೂಲಿ ಪ್ರಮಾಣವನ್ನೇ ವಿಷವಾಗಿಸಬಲ್ಲವು; ಹೀಗೆ ಸಾವುಗಳು ಆಗಿವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯೋಟಿಕ್ ತರುವ ಅಭ್ಯಾಸವನ್ನು ಈ ಮನೆಯಲ್ಲಿ ಸಂಪೂರ್ಣ ಬಿಡಬೇಕು. ಯಾವ ವೈದ್ಯರ ಬಳಿ ಹೋದರೂ ಕೊಲ್ಚಿಸಿನ್ ಹೆಸರನ್ನು ಮೊದಲೇ ಹೇಳಬೇಕು. ಗ್ರೇಪ್‌ಫ್ರೂಟ್ ರಸ ಬೇಡ; ಅದರ ಬಳಗದ ಚಕ್ಕೋತವನ್ನೂ ದೂರವಿಡಲು ನಾನು ಹೇಳುತ್ತೇನೆ. ಪ್ರಮಾಣ ಏರಿಸಿದ ಮೇಲೆ, ಇಲ್ಲವೇ ಹೊಸ ಔಷಧಿ ಸೇರಿದ ಮೇಲೆ, ಜೋರು ವಾಂತಿಭೇದಿ ಅಥವಾ ಸ್ನಾಯುಗಳ ನಿಶ್ಶಕ್ತಿ ಕಂಡರೆ ಮುಂದಿನ ಮಾತ್ರೆ ಕೊಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಗೌರಿ ಹೂವಿನ ಗೆಡ್ಡೆಯ ಮಾತನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ನಿಮಗೆ ಹೇಳಿದವರ ಮಾತಿನ ಮೊದಲರ್ಧ ನಿಜ: ಅಗ್ನಿಶಿಖೆ ಎಂದೂ ಕರೆಯುವ ಆ ಬಳ್ಳಿಯ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಕೊಲ್ಚಿಸಿನ್ ಇದೆ. ಅದಕ್ಕೇ ಅದು ಮಾರಕ. ಒಂದು ಗೆಡ್ಡೆಯ ತುಂಡಿನಲ್ಲಿ ಎಷ್ಟು ಇದೆ ಎಂದು ಯಾರೂ ಕಣ್ಣಳತೆಯಲ್ಲಿ ಹೇಳಲಾರರು. ಅದನ್ನು ತಿಂದವರಿಗೆ ಮೊದಲು ವಾಂತಿಭೇದಿಯಾಗಿ, ಒಂದೆರಡು ದಿನಗಳಲ್ಲಿ ಅಸ್ಥಿಮಜ್ಜೆ, ಹೃದಯ, ಮೂತ್ರಪಿಂಡಗಳು ಒಟ್ಟಿಗೆ ಸೋಲುತ್ತವೆ. ಕೊಡಲು ಪ್ರತಿವಿಷ ನಮ್ಮ ಕೈಯಲ್ಲಿಲ್ಲ. ಮನೆಯಲ್ಲಿ ಗೆಡ್ಡೆ ತಂದಿಟ್ಟಿದ್ದರೆ ಇಂದೇ ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಸಹಿಸಬಹುದಾದ ಗರಿಷ್ಠ ಪ್ರಮಾಣಕ್ಕೆ ಹೋದರೂ ಉರಿಯೂತ ಉಳಿದರೆ ಇಂಟರ್‌ಲ್ಯೂಕಿನ್-1 ಅನ್ನು ನೇರವಾಗಿ ತಡೆಯುವ ಚುಚ್ಚುಮದ್ದುಗಳಿವೆ: ಪ್ರತಿದಿನ ಕೊಡುವ ಅನಕಿನ್ರಾ, ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಕೊಡುವ ಕೆನಕಿನುಮ್ಯಾಬ್. ಕೊಲ್ಚಿಸಿನ್‌ಗೆ ಜಗ್ಗದ ಎಫ್.ಎಂ.ಎಫ್.ನಲ್ಲಿ ಎರಡನೆಯದು ಪರಿಣಾಮಕಾರಿ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ಆದರೆ ನಮ್ಮಲ್ಲಿ ಇವುಗಳ ಲಭ್ಯತೆ ಕಷ್ಟ, ಬೆಲೆ ಹೆಚ್ಚಿನ ಕುಟುಂಬಗಳ ಕೈಗೆಟುಕದು. ಹೆಚ್ಚು ಸುಲಭವಾಗಿ ಸಿಗುವ ಟೊಸಿಲಿಜುಮ್ಯಾಬ್ ಎಂಬ ಇನ್ನೊಂದು ಔಷಧಿಯನ್ನು ಕೆಲವೆಡೆ ಬಳಸುತ್ತಾರೆ. ಅದರಲ್ಲೊಂದು ತೊಡಕಿದೆ: ಅದು ಯಕೃತ್ತು ಸಿ.ಆರ್.ಪಿ. ತಯಾರಿಸುವುದನ್ನೇ ನಿಲ್ಲಿಸುವುದರಿಂದ, ಮಗುವಿಗೆ ನಿಜವಾದ ಸೋಂಕು ತಗಲಿದಾಗಲೂ ವರದಿ ತಣ್ಣಗಿರುತ್ತದೆ. ಇಂಥ ಯಾವ ಔಷಧಿಗೂ ಮೊದಲು ಎದೆಯ ಎಕ್ಸ್-ರೇ ಮತ್ತು ಅಡಗಿರುವ ಕ್ಷಯದ ಪರೀಕ್ಷೆ ಆಗಲೇಬೇಕು, ಬಾಕಿಯಿರುವ ಲಸಿಕೆಗಳನ್ನು ಹಾಕಿಸಬೇಕು; ಸಜೀವ ಲಸಿಕೆಗಳನ್ನು ಆಮೇಲೆ ಹಾಕಿಸುವಂತಿಲ್ಲ. ಚುಚ್ಚುಮದ್ದು ಶುರುವಾದರೂ ಕೊಲ್ಚಿಸಿನ್ ಮುಂದುವರಿಯುತ್ತದೆ. ಸ್ಟಿರಾಯ್ಡ್ ಕೊಟ್ಟು ಸಿ.ಆರ್.ಪಿ. ಇಳಿಸುವುದು ಮಾತ್ರ ದಾರಿಯಲ್ಲ; ಅದು ಅಮೈಲಾಯ್ಡೋಸಿಸ್ ತಡೆಯುವುದಿಲ್ಲ, ಬೆಳೆಯುವ ಮಗುವಿನ ಎತ್ತರವನ್ನೂ ಎಲುಬನ್ನೂ ಕಸಿಯುತ್ತದೆ.

ಮಾತ್ರೆಯನ್ನು ಎಂದಾದರೂ ಕಡಿಮೆ ಮಾಡಬಹುದೇ ಎಂದರೆ, ಐದು ವರ್ಷಕ್ಕೂ ಹೆಚ್ಚು ಕಾಲ ಜ್ವರವೂ ಇಲ್ಲದೆ ರಕ್ತದ ಅಂಕಿಗಳೂ ಸರಿಯಿದ್ದವರಲ್ಲಿ ಪ್ರಮಾಣ ತಗ್ಗಿಸುವುದನ್ನು ಯೋಚಿಸುತ್ತೇವೆ. ಎರಡೂ ಪ್ರತಿಗಳಲ್ಲಿ ಎಂ694ವಿ ಇರುವ ನಿಮ್ಮ ಮಗನ ವಿಷಯದಲ್ಲಿ ಆ ಪ್ರಯೋಗಕ್ಕೆ ನಾನು ಕೈ ಹಾಕುವುದಿಲ್ಲ.

ಇನ್ನು ಮಗಳು. ನೀವಿಬ್ಬರೂ ಈ ಬದಲಾವಣೆಯ ಒಂದೊಂದು ಪ್ರತಿಯನ್ನು ಹೊತ್ತಿರುವುದರಿಂದ ಅವಳಿಗೂ ಎರಡೂ ಪ್ರತಿ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಂಬಂಧದೊಳಗಿನ ಮದುವೆಯಲ್ಲಿ ಒಂದೇ ಮೂಲದ ಬದಲಾವಣೆ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು, ಅಷ್ಟೇ. ಇದರಲ್ಲಿ ಯಾರ ತಪ್ಪೂ ಇಲ್ಲ, ಇದನ್ನು ಹಿಡಿದು ಸೊಸೆಯನ್ನು ದೂರುವುದಂತೂ ತೀರಾ ಅನ್ಯಾಯ. ಮಗಳಿಗೆ ಲಕ್ಷಣಗಳಿಲ್ಲದಿದ್ದರೂ ಪರೀಕ್ಷಿಸುವುದು ಒಳ್ಳೆಯದು. ಅಣ್ಣನಲ್ಲಿ ಯಾವ ಬದಲಾವಣೆ ಎಂಬುದು ಗೊತ್ತಿರುವುದರಿಂದ ಅದೊಂದನ್ನೇ ನೋಡಿದರೆ ಸಾಕು, ಖರ್ಚೂ ಕಡಿಮೆ. ಪೂರ್ಣ ಜೀನ್ ಪರೀಕ್ಷೆ ಮಾಡಿಸಿ ಅವಳಲ್ಲಿ ಇ148ಕ್ಯೂ ಎಂಬ ಬದಲಾವಣೆ ಕಂಡರೆ ಗಾಬರಿಯಾಗಬೇಡಿ: ಅದು ಭಾರತೀಯರಲ್ಲಿ ಬಹಳ ಸಾಮಾನ್ಯ, ತಾನೊಂದೇ ಇದ್ದಾಗ ಅದನ್ನು ರೋಗವೆಂದು ನಾವು ಪರಿಗಣಿಸುವುದಿಲ್ಲ. ಅದನ್ನೊಂದನ್ನೇ ನೋಡಿ ಕೊಲ್ಚಿಸಿನ್ ಶುರು ಮಾಡಿದ ಮಕ್ಕಳು ನನ್ನ ಬಳಿ ಬರುತ್ತಲೇ ಇರುತ್ತಾರೆ. ಒಂದು ಎಂ694ವಿ ಪ್ರತಿ ಮಾತ್ರ ಇದ್ದರೆ ಅವಳು ಹೆಚ್ಚಾಗಿ ವಾಹಕಳಷ್ಟೇ. ಆದರೂ ಅಂಥವರಲ್ಲಿ ಕೆಲವರಿಗೆ ಕಾಯಿಲೆ ಕಾಣಿಸಿಕೊಳ್ಳುವುದರಿಂದ ಪದೇ ಪದೇ ಜ್ವರ ಬಂದರೆ ತೋರಿಸಿ. ಎರಡೂ ಪ್ರತಿಗಳಲ್ಲಿ ಎಂ694ವಿ ಇದ್ದರೆ, ಅವಳಿಗೆ ಒಮ್ಮೆಯೂ ಜ್ವರ ಬಾರದಿದ್ದರೂ, ಅಣ್ಣನ ಜೊತೆಯಲ್ಲೇ ಅವಳ ಸಿ.ಆರ್.ಪಿ. ಮತ್ತು ಬೆಳಗಿನ ಮೂತ್ರದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸಿ. ಅಂಕಿ ಏರಿದ್ದು ಖಚಿತವಾದರೆ ಅವಳಿಗೂ ಮಾತ್ರೆ ಆರಂಭಿಸಬೇಕಾಗುತ್ತದೆ.